ಅವ್ವನ ಹವಳದ ಡಬ್ಬಿ ಮತ್ತು ನಮ್ಮೂರ ಪರಸಿ ಕಲ್ಲು

ಹದಿನೈದು ದಿನಗಳಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ: "ಮೇಡಂ, ಕೋರಲ್ ಕ್ಯಾಲ್ಸಿಯಂ ತೆಗೆದುಕೊಳ್ಳುವುದಾದರೆ ಜಪಾನಿನದು ಒಳ್ಳೆಯದೋ, ಕೆರಿಬಿಯನ್ ದ್ವೀಪಗಳದ್ದೋ?" ಹವಳವನ್ನು ಪುಡಿಮಾಡಿ, ಕ್ಯಾಪ್ಸೂಲಿಗೆ ತುಂಬಿ, ಡಬ್ಬಿಯಲ್ಲಿ ಮಾರುವ ಕ್ಯಾಲ್ಸಿಯಂ ಅದು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದೇ ಡಬ್ಬಿಯಿಂದ ಆದ ತೊಂದರೆಯನ್ನೂ ಮುಚ್ಚಿಡುವುದಿಲ್ಲ.

ಅವ್ವನಿಗೆ ಅರವತ್ತಾರು ವರ್ಷ. ಮೊಣಕಾಲು ನೋವು, ಜೊತೆಗೆ ಹನ್ನೆರಡು ವರ್ಷಗಳಿಂದ ಥೈರಾಯ್ಡ್ ಮಾತ್ರೆ. ಸಂಬಂಧಿಕರೊಬ್ಬರು ಬೀದರಿನಿಂದ ಬಂದಾಗ ಪ್ರೀತಿಯಿಂದಲೇ ಒಂದು ಡಬ್ಬಿ ತಂದುಕೊಟ್ಟರು. ಮೊದಲನೆಯದು ಉಚಿತ, ಎರಡನೆಯದಕ್ಕೆ 1,450 ರೂಪಾಯಿ. "ಅಕ್ಕಾ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಿ, ರಕ್ತದ ಆಮ್ಲವೆಲ್ಲ ಹೋಗುತ್ತದೆ" ಎಂದಿದ್ದರು. ಅವ್ವ ಥೈರಾಯ್ಡ್ ಮಾತ್ರೆ ನುಂಗಿದ ನೀರಿನಲ್ಲೇ ಆ ಕ್ಯಾಪ್ಸೂಲನ್ನೂ ನುಂಗತೊಡಗಿದಳು. ಮೂರು ತಿಂಗಳಲ್ಲಿ, ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿಯಾದ ಟಿಎಸ್‌ಎಚ್ 3.1 ಇದ್ದದ್ದು 9.8ಕ್ಕೆ ಏರಿತು. ಮೈ ಭಾರ, ಮಲಬದ್ಧತೆ, ಸಂಜೆಯಾದರೆ ಸಾಕು ಕಣ್ಣು ಎಳೆಯುತ್ತಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸುವ ಮುನ್ನ ಇನ್ನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದು ನಮ್ಮ ಪುಣ್ಯ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಕ್ಸಿನ್ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ಡಬ್ಬಿಯ ಮೇಲೆ ದ್ವೀಪದ ಚಿತ್ರವಿತ್ತು, ನೀಲಿ ಸಮುದ್ರವಿತ್ತು, ಈ ಒಂದು ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಮಗಳಾಗಿ, ಅದೂ ಈ ವಿಷಯ ಓದಿದವಳಾಗಿ, ಮೂರು ತಿಂಗಳು ನಾನೂ ಆ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ.

ಈಗ ಹವಳದ ಮಾತಿಗೆ ಬರುತ್ತೇನೆ. ಹವಳದ ಹುಳುಗಳು ಸಮುದ್ರದ ನೀರಿನಿಂದ ಸುಣ್ಣದ ಅಂಶ ಹೀರಿ ಕಟ್ಟಿಕೊಳ್ಳುವ ಗೂಡು ಕ್ಯಾಲ್ಸಿಯಂ ಕಾರ್ಬೊನೇಟ್. ನೆಲಕ್ಕೆ ಪರಸಿಯಾಗಿ ಹಾಸುವ ನಮ್ಮ ಶಹಾಬಾದ್ ಕಲ್ಲಿನ ಮುಖ್ಯ ಅಂಶವೂ ಅದೇ. ಕಲಬುರಗಿ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯ ಪರಸಿಯ ಮೇಲೆ ಹುಣಸೆಹುಳಿಯೋ ನಿಂಬೆರಸವೋ ಚೆಲ್ಲಿದರೆ ಆ ಜಾಗ ಮಂಕಾಗುತ್ತದೆ, ಎಷ್ಟು ತಿಕ್ಕಿದರೂ ಮೊದಲಿನ ಹೊಳಪು ಬರುವುದಿಲ್ಲ. ಹುಳಿ ಕಾರ್ಬೊನೇಟನ್ನು ತಿಂದ ಗುರುತು ಅದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಸುಣ್ಣಕಲ್ಲಿನ ಮೇಲೆ. ನಮ್ಮ ಭೀಮಾ ತೀರದ ಈ ಕಲ್ಲು ಹವಳದ ಜೀವಿಗಳು ಭೂಮಿಗೆ ಬರುವ ಮೊದಲೇ ಹುಟ್ಟಿದ್ದು.

ಕಳೆದ ಭಾನುವಾರ ಅಡುಗೆಮನೆಯಲ್ಲಿ ನಾಲ್ಕು ಸ್ಟೀಲ್ ಬಟ್ಟಲು ಇಟ್ಟು ವಿನೆಗರ್ ಸುರಿದೆ. ಒಂದಕ್ಕೆ ಅವ್ವನ ಕ್ಯಾಪ್ಸೂಲಿನ ಪುಡಿ, ಒಂದಕ್ಕೆ ಸಿಂಪಿ ಚಿಪ್ಪಿನಿಂದ ಮಾಡಿದ ಮಾತ್ರೆ, ಒಂದಕ್ಕೆ ಜನೌಷಧಿ ಅಂಗಡಿಯ ಸಾದಾ ಮಾತ್ರೆ, ಕೊನೆಯದಕ್ಕೆ ಹಿತ್ತಲಿನ ಪರಸಿಯ ಚೂರು. ನಾಲ್ಕರಲ್ಲೂ ಗುಳ್ಳೆ ಎದ್ದಿತು. ಪುಡಿ ಸುರ್ ಎಂದು ಉಕ್ಕಿತು. ಸಾದಾ ಮಾತ್ರೆ ಇಪ್ಪತ್ತು ನಿಮಿಷದಲ್ಲಿ ಮೆತ್ತಗಾಗಿ ಬಟ್ಟಲಿನ ತಳದಲ್ಲಿ ಹರಡಿಕೊಂಡಿತು. ಸಿಂಪಿಯದಕ್ಕೆ ಇನ್ನೊಂದಿಷ್ಟು ಹೊತ್ತು ಹಿಡಿಯಿತು. ಕಲ್ಲಿನ ಚೂರಿನ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಮಧ್ಯಾಹ್ನದವರೆಗೂ ಏಳುತ್ತಲೇ ಇತ್ತು. ಅವ್ವ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಳು. "ಹಾಗಾದರೆ ನಾನು ತಿಂದದ್ದು ಸುಣ್ಣವೇ?" ಎಂದು ಕೇಳಿದಳು. ಹೌದು, ಸುಣ್ಣಕಲ್ಲಿನ ಕಾರ್ಬೊನೇಟೇ, ಹೊಟ್ಟೆಯ ಆಮ್ಲ ನೋಡುವುದು ಅದನ್ನೇ. ಅದು ಜಪಾನಿನ ಒಕಿನಾವಾ ದ್ವೀಪದಿಂದ ಬಂತೋ ಶಹಾಬಾದಿನಿಂದ ಬಂತೋ ಹೊಟ್ಟೆಗೆ ತಿಳಿಯುವುದಿಲ್ಲ. ಹಾಗೆಂದು ಯಾರೂ ಕಲ್ಲಿನ ಪುಡಿ ತಿನ್ನಬಾರದು. ಔಷಧಕ್ಕೆ ಬಳಸುವ ಕಾರ್ಬೊನೇಟನ್ನು ಸಾಮಾನ್ಯವಾಗಿ ಸುಣ್ಣಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಅದರೊಳಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಮತ್ತೆ ಗಟ್ಟಿಯಾಗಿಸಿ ಶುದ್ಧಮಾಡುತ್ತಾರೆ. ಸ್ಟ್ರಿಪ್ ಮೇಲೆ 'ಐಪಿ' ಎಂಬ ಎರಡು ಅಕ್ಷರ ಇದ್ದರೆ ಅದು ಔಷಧಗಳ ಗುಣಮಟ್ಟ ನಿಗದಿಪಡಿಸುವ ಗ್ರಂಥವಾದ ಇಂಡಿಯನ್ ಫಾರ್ಮಕೋಪಿಯಾದ ಶುದ್ಧತೆಯ ಮಿತಿಗಳಿಗೆ ಒಳಪಟ್ಟದ್ದು ಎಂದರ್ಥ.

ಮೂಲದಿಂದ ಮೂಲಕ್ಕೆ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ನೆಲದ ಮೇಲಿನ ಹಳೆಯ ಹವಳದ ದಿಬ್ಬಗಳಿಂದ ಅಗೆದ ಪುಡಿಯಲ್ಲಿ ಶೇ 35ರ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅತ್ಯಲ್ಪ. ಸಮುದ್ರದ ತಳದಿಂದ ಎತ್ತಿದ್ದು ಎಂದು ಮಾರುವ ಒಕಿನಾವಾ ಪುಡಿಯಲ್ಲಿ ಶೇ 24 ಕ್ಯಾಲ್ಸಿಯಂ, ಶೇ 12 ಮೆಗ್ನೀಸಿಯಂ ಎಂದು ಮಾರುವವರು ಬರೆಯುತ್ತಾರೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ಇರುವುದು ಶೇ 40. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ 'ಕೋರಲ್ ಕ್ಯಾಲ್ಸಿಯಂ 1,000 ಮಿ.ಗ್ರಾಂ' ಎಂಬುದು ಪುಡಿಯ ತೂಕ. ದೇಹಕ್ಕೆ ಲೆಕ್ಕ ಸಿಗುವ ಕ್ಯಾಲ್ಸಿಯಂ ಅದರಲ್ಲಿ 240ರಿಂದ 380 ಮಿ.ಗ್ರಾಂ ಅಷ್ಟೇ. ಸಾದಾ ಮಾತ್ರೆಯವರು 1,250 ಮಿ.ಗ್ರಾಂ ಕಾರ್ಬೊನೇಟ್, ಅಂದರೆ 500 ಮಿ.ಗ್ರಾಂ ಕ್ಯಾಲ್ಸಿಯಂ ಎಂದು ಬಿಡಿಸಿ ಬರೆಯುತ್ತಾರೆ. ನನಗೆ ಆ ಪ್ರಾಮಾಣಿಕತೆ ಇಷ್ಟ.

ಇನ್ನು 'ಎಪ್ಪತ್ತಕ್ಕೂ ಹೆಚ್ಚು ಖನಿಜಗಳು' ಎಂಬ ಹೆಮ್ಮೆ. ಸಮುದ್ರದಿಂದ ಬಂದದ್ದರಲ್ಲಿ ಎಲ್ಲವೂ ಚೂರುಚೂರು ಇರುತ್ತದೆ, ನಿಜ. ಆದರೆ ಆ ಎಲ್ಲವುಗಳಲ್ಲಿ ಸೀಸವೂ ಸೇರಿರಬಹುದು. ಮೂಳೆಪುಡಿ, ಡಾಲಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲಿನಂಥ ಕಲ್ಲು), ಸಿಂಪಿ ಚಿಪ್ಪು ಮುಂತಾದ ನೈಸರ್ಗಿಕ ಮೂಲದ ಕ್ಯಾಲ್ಸಿಯಂನಲ್ಲಿ ಸೀಸ ಕಂಡುಬಂದದ್ದು ದಶಕಗಳ ಹಿಂದೆಯೇ ವರದಿಯಾಗಿದೆ. ದಿನವೂ, ವರ್ಷಗಟ್ಟಲೆ ನುಂಗುವ ವಸ್ತುವಿನಲ್ಲಿ ಸೀಸ ಎಷ್ಟಿದೆ ಎಂಬುದೇ ಗುಣಮಟ್ಟದ ಮೊದಲ ಪ್ರಶ್ನೆಯಾಗಬೇಕು. ನನ್ನ ವಿನೆಗರ್ ಬಟ್ಟಲು ಅದನ್ನು ಹೇಳಲಾರದು, ಆ ತಯಾರಿಕೆಯ ಪ್ರಯೋಗಾಲಯದ ವರದಿ ಮಾತ್ರ ಹೇಳಬಲ್ಲದು. ನಮ್ಮ ಸಂಬಂಧಿಕರನ್ನು ವರದಿ ಕೇಳಿದೆ. ಅವರು ತಮಗೆ ಡಬ್ಬಿ ಕೊಡುವ ಮೇಲಿನವರನ್ನು ಕೇಳಿದರು, ಮೇಲಿನವರು ಒಂದು ವಿಡಿಯೊ ಕಳುಹಿಸಿದರು.

ಒಕಿನಾವಾದ ಜನ ನೂರು ವರ್ಷ ಬಾಳುವುದು ಹವಳದ ನೀರಿನಿಂದ ಎಂಬುದು ಆ ವಿಡಿಯೊದ ತಿರುಳು. ಇದು ಹಳೆಯ ಕಥೆ. ಅಮೆರಿಕದ ಟಿವಿಯಲ್ಲಿ ಇದನ್ನೇ ಹೇಳಿ, ಕ್ಯಾನ್ಸರ್ ಕೂಡ ವಾಸಿಯಾಗುತ್ತದೆ ಎಂದು ಮಾರಿದ ಕೆವಿನ್ ಟ್ರೂಡೊ ಮತ್ತು ರಾಬರ್ಟ್ ಬೇರ್‌ಫುಟ್ ಮೇಲೆ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಮೊಕದ್ದಮೆ ಹೂಡಿತು. ಮರುವರ್ಷ ಟ್ರೂಡೊ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಇಪ್ಪತ್ತು ವರ್ಷ ದಾಟಿದ ಮೇಲೆ ಅದೇ ಮಾತು ಕನ್ನಡದಲ್ಲಿ ನಮ್ಮ ಅವ್ವಂದಿರ ಮೊಬೈಲಿಗೆ ಬರುತ್ತಿದೆ, ನನಗೆ ಸಿಟ್ಟು ಬರುವುದು ಅದಕ್ಕೆ. ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ, ಆ ಕೆಲಸಕ್ಕೆ ಕ್ಯಾಪ್ಸೂಲಿನ ಹಂಗಿಲ್ಲ. ನೀರಿಗೆ ಅದ್ದುವ ಹವಳದ ಪೊಟ್ಟಣದ ಬಗ್ಗೆಯೂ ಒಬ್ಬರು ಕೇಳಿದ್ದರು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪೊರೆಯೂ ಇದೇ ಕಾರ್ಬೊನೇಟ್. ದುಡ್ಡು ಕೊಟ್ಟು ಅದನ್ನು ನೀರಿಗೆ ಸೇರಿಸುವ ಅಗತ್ಯ ಕಲಬುರಗಿಯಲ್ಲಂತೂ ಇಲ್ಲ.

ಆಯುರ್ವೇದದ ಪ್ರವಾಳ ಪಿಷ್ಟಿ ಬೇರೆ ಮಾತು. ಅದು ಕೆಂಪು ಹವಳ, ಗುಲಾಬಿ ನೀರಿನಲ್ಲಿ ಅರೆದದ್ದು, ವೈದ್ಯರು ಕೊಡುವುದೇ ಅತಿ ಸಣ್ಣ ಪ್ರಮಾಣದಲ್ಲಿ. ದಿನದ ಕ್ಯಾಲ್ಸಿಯಂ ಅದರಿಂದ ತುಂಬುವುದಿಲ್ಲ. ನಮ್ಮ ದೇಶದ ಕಡಲಿನ ಹವಳದ ದಿಬ್ಬಗಳಿಗಂತೂ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ, ಯಾರೂ ಮುಟ್ಟುವಂತಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದ ರೊಟ್ಟಿಯಲ್ಲಿ ಅದು ಕಡಿಮೆ, ರಾಗಿಯಲ್ಲಿರುವುದರ ಹತ್ತನೇ ಒಂದು ಪಾಲೂ ಇಲ್ಲ. ಆದ್ದರಿಂದ ಅವ್ವನ ತಾಟಿಗೆ ಈಗ ಮೊಸರು ಹೆಚ್ಚಾಗಿದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗೆ ಕಾಯುತ್ತಿಲ್ಲ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಆರಕ್ಕೆ. ಡಾಕ್ಟರು ಬರೆದುಕೊಟ್ಟ 500 ಮಿ.ಗ್ರಾಂ ಸಾದಾ ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಊಟದ ಜೊತೆ, ಏಕೆಂದರೆ ಕಾರ್ಬೊನೇಟ್ ಕರಗಲು ಊಟದ ಹೊತ್ತಿನ ಆಮ್ಲ ಬೇಕು, ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಕೊಟ್ಟರೆ ದೇಹ ಅಷ್ಟು ಚೆನ್ನಾಗಿ ಹೀರಿಕೊಳ್ಳುವುದೂ ಇಲ್ಲ. ಆಮ್ಲ ತಗ್ಗಿಸುವ ಮಾತ್ರೆ ನಿತ್ಯ ತೆಗೆದುಕೊಳ್ಳುವವರು ಕಾರ್ಬೊನೇಟ್ ಬದಲು ಸಿಟ್ರೇಟ್ ರೂಪದ ಕ್ಯಾಲ್ಸಿಯಂ ಬಗ್ಗೆ ಡಾಕ್ಟರನ್ನು ಕೇಳಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಯಾವ ಮೂಲದ್ದನ್ನೂ ತಾವಾಗಿಯೇ ಶುರು ಮಾಡಬೇಡಿ.

ಅವ್ವನ ರಕ್ತಪರೀಕ್ಷೆ ಮುಂದಿನ ಸೋಮವಾರ ಇದೆ. ಅಷ್ಟರೊಳಗೆ ನಿಮ್ಮಲ್ಲಿ ಯಾರ ಬಳಿಯಾದರೂ ಕೋರಲ್ ಕ್ಯಾಲ್ಸಿಯಂ ಡಬ್ಬಿ ಇದ್ದರೆ, ಹಿಂಬದಿಯ ಸಣ್ಣ ಅಕ್ಷರಗಳ ಫೋಟೊ ತೆಗೆದು ನನಗೆ ಕಳುಹಿಸಿ. ಒಳಗೆ ನಿಜವಾಗಿ ಎಷ್ಟು ಕ್ಯಾಲ್ಸಿಯಂ ಇದೆ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ. ಸೀಸದ ವರದಿ ಸಿಕ್ಕಿದವರಿದ್ದರೆ ಅದನ್ನೂ ಖಂಡಿತ ಕಳುಹಿಸಿ.