ಮಸುಕಾದ ಫೋಟೋ ಅಳಿಸಬೇಡಿ, ಹಕ್ಕಿಯ ಕಾಲು ಕತ್ತರಿಸಬೇಡಿ

ಈಗಷ್ಟೇ ಯಾರೋ ಹಾಕಿದ ಒಂದು ಫೋಟೋ ನೋಡಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. "ಹೊರಗೆ ಹೋಗೋಕಾಗ್ತಿಲ್ಲ, ಹಳೇ ನೆನಪು" ಅನ್ನೋ ಒಂದು ಸಾಲು, ಅದರ ಕೆಳಗೆ ಕೆಸರಿನ ಅಂಚಿನಲ್ಲಿ ನಿಂತ ಒಂದು ಸ್ಯಾಂಡ್‌ಪೈಪರ್, ನೀರಂಚಿನ ಪುಟ್ಟ ಹಕ್ಕಿ. ಬೆನ್ನಿನ ಗರಿಗಳು ಒಂದೊಂದೂ ಉಳಿಯಲ್ಲಿ ಕೆತ್ತಿದ ಹಾಗೆ. ಹಿಂದಿನ ಕೆಸರು, ಜೊಂಡು ಎಲ್ಲ ಒರೆಸಿ ನುಣ್ಣಗೆ ಮಾಡಿದ್ದಾರೆ. ಕಾಲನ್ನು ಅರ್ಧಕ್ಕೇ ಕ್ರಾಪ್ ಮಾಡಿದ್ದಾರೆ. ತಾರೀಕಿಲ್ಲ, ಜಾಗದ ಹೆಸರಿಲ್ಲ. ಇದು ವುಡ್ ಸ್ಯಾಂಡ್‌ಪೈಪರೋ ಗ್ರೀನ್ ಸ್ಯಾಂಡ್‌ಪೈಪರೋ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ಚೆಂದ ಮಾಡಲು ಹೋಗಿ ಆ ಹಕ್ಕಿಯ ಗುರುತನ್ನೇ ಕಳೆದಿದ್ದಾರೆ.

ನೋಡಲು ಒಂದೇ ಥರ ಇರುವ ಈ ಎರಡು ಜಾತಿಗಳ ವ್ಯತ್ಯಾಸ ಎಲ್ಲಿದೆ ನೋಡಿ. ವುಡ್‌ಗೆ ಬಿಳಿ ಹುಬ್ಬು, ಅಂದರೆ ಕಣ್ಣಿನ ಮೇಲಿನ ಬಿಳಿ ಪಟ್ಟೆ, ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಗ್ರೀನ್‌ಗೆ ಕಣ್ಣಿನ ಹತ್ತಿರವೇ ನಿಂತುಬಿಡುತ್ತದೆ. ವುಡ್‌ನ ಬೆನ್ನಿನ ಮೇಲೆ ದೊಡ್ಡ ತಿಳಿ ಚುಕ್ಕೆಗಳು, ಗ್ರೀನ್‌ನ ಬೆನ್ನು ಕಡುಗಂದಾಗಿ ಅದರಲ್ಲಿ ಸಣ್ಣ ಸಣ್ಣ ಚುಕ್ಕಿ. ವುಡ್‌ನ ಕಾಲು ಹಳದಿ ಕಡೆಗೆ, ಗ್ರೀನ್‌ನದು ಮಂಕು ಹಸಿರು. ಈಗಿನ ಶಾರ್ಪ್ ಮಾಡುವ ಸಾಫ್ಟ್‌ವೇರ್‌ಗಳು ಇರುವ ಗರಿಯನ್ನು ತೋರಿಸುವುದಷ್ಟೇ ಅಲ್ಲ, ಮಸುಕಾದ ಕಡೆ ಇಲ್ಲದ ಗರಿಯನ್ನು ಊಹಿಸಿ ಬರೆಯುತ್ತವೆ. ಸಣ್ಣ ಚುಕ್ಕಿಗೆ ಅಂಚು ಕಟ್ಟಿ ದೊಡ್ಡ ಚುಕ್ಕೆ ಮಾಡುತ್ತವೆ, ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ತೆಗೆಯುವ ನೆಪದಲ್ಲಿ ಹುಬ್ಬಿನ ಕೊನೆಯನ್ನು ಅಳಿಸುತ್ತವೆ. ಬೆನ್ನು ಸುಳ್ಳು, ಹುಬ್ಬು ಅನುಮಾನ, ಕಾಲು ಕಸದ ಬುಟ್ಟಿಗೆ. ಉಳಿದದ್ದೇನು?

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ. ಇಂಥ ಹಕ್ಕಿ ಎದ್ದು ಹಾರುವಾಗ ಬರ್ಸ್ಟ್‌ನಲ್ಲಿ (ಒಂದೇ ಒತ್ತಿಗೆ ಸಾಲಾಗಿ ತೆಗೆದಾಗ) ಹತ್ತು ಹನ್ನೆರಡು ಫ್ರೇಮ್ ಬಿದ್ದಿರುತ್ತವೆ. ಎಲ್ಲ ಅಲುಗಾಡಿದವು. ಅದರಲ್ಲಿ ಒಂದರಲ್ಲಿ ರೆಕ್ಕೆ ಮೇಲೆತ್ತಿದ್ದು ಸಿಕ್ಕರೆ ಸಾಕು, ವಾದವೇ ಮುಗಿಯಿತು. ರೆಕ್ಕೆಯ ಒಳಗಡೆ ತಿಳಿಯಾಗಿದ್ದರೆ ವುಡ್, ಹೆಚ್ಚುಕಮ್ಮಿ ಕಪ್ಪಾಗಿದ್ದರೆ ಗ್ರೀನ್. ಜಾಗ ಉಳಿಸಲು ಜನ ಮೊದಲು ಅಳಿಸುವುದು ಇದನ್ನೇ, "ಮಸುಕು" ಅಂತ. ಚಂದ ನಿಂತ ಹಕ್ಕಿಯ ನಲವತ್ತು ಫೋಟೋ ಇಟ್ಟುಕೊಂಡು, ಅದರ ಹೆಸರು ಹೇಳುವ ಒಂದನ್ನು ಅಳಿಸುತ್ತೇವೆ. ಕೈಮುಗಿದು ಕೇಳುತ್ತೇನೆ, ಹಾರುವಾಗ ತೆಗೆದದ್ದು, ತಿರುಗಿ ನಿಂತದ್ದು, ದೂರದ್ದು ಯಾವುದನ್ನೂ ಅಳಿಸುವ ಮುಂಚೆ ನೂರು ಪರ್ಸೆಂಟ್ ಝೂಮ್ ಮಾಡಿ ಒಮ್ಮೆ ನೋಡಿ.

ಕಾಲು ಬಿಳಿಚಿದಂತೆ, ಹಳದಿಯಂತೆ ಕಂಡರೆ ತಕ್ಷಣ ನಂಬಬೇಡಿ. ಮುಂಜಾನೆಯ ಬೆಳಕಿನಲ್ಲಿ ಹಸಿರು ಕಾಲೂ ಹಳದಿ ಕಾಣುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ ಮೂಲ ಫೈಲ್) ಇದ್ದರೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣದ ಹೊಂದಾಣಿಕೆ, ಈಗಲೂ ಸರಿ ಮಾಡಬಹುದು. ಅದೇ ಫ್ರೇಮಿನಲ್ಲಿ ಬೆಳ್ಳಕ್ಕಿ ಇದ್ದರೆ ಬಿಸಿಲಿಗೆ ಸುಟ್ಟುಹೋಗದ ಒಂದು ಬಿಳಿ ಗರಿಯನ್ನು ಆಧಾರ ಮಾಡಿಕೊಳ್ಳಿ. ಜೆಪೆಗ್ ಆದರೆ ಸ್ವಲ್ಪ ಮಟ್ಟಿಗೆ ಮಾತ್ರ ಆಗುತ್ತದೆ. ಬೆಳ್ಳಕ್ಕಿಯ ಮಾತು ಬಂತಲ್ಲ, "ಬೆಳ್ಳಕ್ಕಿ" ಅಂತ ಹೆಸರಿಟ್ಟು ಮರೆತ ಫೋಲ್ಡರ್ ಎಲ್ಲರ ಹತ್ತಿರವೂ ಇರುತ್ತದೆ. ತೆರೆದು ಬಾಯಿಯ ಸೀಳು ನೋಡಿ. ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ ಬೆಳ್ಳಕ್ಕಿ. ಹೊಲದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ಕಾಣದ ಈ ಗೆರೆ ಮನೆಯಲ್ಲಿ ಕೂತಾಗ ಸಿಗುತ್ತದೆ.

ತಾರೀಕಿನ ವಿಷಯ. ಫೈಲಿನ ಪಕ್ಕ ಕಂಪ್ಯೂಟರ್ ತೋರಿಸುವ ತಾರೀಕು ಬಹಳ ಸಲ ಕಾಪಿ ಮಾಡಿದ ಅಥವಾ ತಿದ್ದಿದ ದಿನದ್ದು. ತೆಗೆದ ದಿನ ಎಕ್ಸಿಫ್ ಒಳಗೆ, ಅಂದರೆ ಕ್ಯಾಮೆರಾ ಫೋಟೋದೊಳಗೇ ಬರೆದಿಡುವ ಮಾಹಿತಿಯಲ್ಲಿ, ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದೂ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದ ಗಡಿಯಾರವೇ ತಪ್ಪಿರುವುದೂ ಉಂಟು: ಬ್ಯಾಟರಿ ತುಂಬಾ ದಿನ ತೆಗೆದಿಟ್ಟರೆ ಎಷ್ಟೋ ಕ್ಯಾಮೆರಾಗಳು ಜನವರಿ 1ಕ್ಕೆ ಹೋಗಿ ಕೂರುತ್ತವೆ, ಹಗಲು ರಾತ್ರಿ ಅದಲುಬದಲಾಗಿ ಬೆಳಿಗ್ಗೆ 11ರ ಬಿಸಿಲು ರಾತ್ರಿ 11 ಅಂತ ದಾಖಲಾಗಿರುತ್ತದೆ. ಸರಿ ಮಾಡುವುದು ಕಷ್ಟವಲ್ಲ. ಅದೇ ಹೊತ್ತಿಗೆ ಫೋನಿನಲ್ಲಿ ತೆಗೆದ ಒಂದು ಫೋಟೋ ಹುಡುಕಿ, ಎರಡರ ನಡುವೆ ಎಷ್ಟು ಅಂತರ ಅಂತ ಲೆಕ್ಕ ಹಾಕಿ, ಎಕ್ಸಿಫ್ ತಿದ್ದುವ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಆ ದಿನದ ಅಷ್ಟೂ ಫೈಲ್‌ಗಳನ್ನು ಒಟ್ಟಿಗೆ ಅಷ್ಟೇ ಹಿಂದೆಮುಂದೆ ಸರಿಸಿ. ಮೊದಲು ಕಾಪಿಗಳ ಮೇಲೆ ಮಾಡಿ ನೋಡಿ. ಫೈಲಿನ ಹೆಸರಿನ ಮೇಲೆ ಜೋಡಿಸಬೇಡಿ, 9999 ಆದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ.

ತಾರೀಕಿಗೆ ಇಷ್ಟು ಹಟ ಯಾಕೆ? ಕಡಲ ತೀರದ ಆ ಪುಟ್ಟ ಹಕ್ಕಿ, ಲೆಸ್ಸರ್ ಸ್ಯಾಂಡ್ ಪ್ಲವರ್, ನೆನಪಿದೆಯಲ್ಲ? 2023ರಲ್ಲಿ ಇಬರ್ಡ್, ಅಂದರೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ, ತನ್ನ ಪಟ್ಟಿಯಲ್ಲಿ ಅದನ್ನು ಸೈಬೀರಿಯನ್, ಟಿಬೆಟನ್ ಅಂತ ಎರಡು ಜಾತಿ ಮಾಡಿತು. ಚಳಿಗಾಲದ ಬೂದು ಗರಿಯಲ್ಲಿ ಎರಡನ್ನೂ ಬೇರೆ ಮಾಡುವುದು ತುಂಬಾ ಕಷ್ಟ. ಆದರೆ ವಲಸೆ ಹೊರಡುವ ಮುಂಚೆ ಎದೆಗೆ ಕೆಂಬಣ್ಣ ಬಂದಾಗ ಹಣೆ ನೋಡಬಹುದು: ಟಿಬೆಟನ್‌ಗೆ ಹಣೆ ಹೆಚ್ಚುಕಮ್ಮಿ ಪೂರ್ತಿ ಕಪ್ಪು, ಸೈಬೀರಿಯನ್‌ಗೆ ಬಿಳಿ ಹಣೆ. ಹತ್ತು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಯಾರೋ ತೆಗೆದ ಒಂದು ಸಾಧಾರಣ ಫೋಟೋ ಇವತ್ತು ಹೊಸದಾಗಿ ಮಾತಾಡುತ್ತದೆ. ತಾರೀಕು ಜಾಗ ಇಲ್ಲದಿದ್ದರೆ ಅದು ಬರೀ ಚಿತ್ರ.

ಮತ್ತೆ ಕಾಲಿಗೇ ಬರುತ್ತೇನೆ. ಒಂದೊಂದು ಹಕ್ಕಿಯನ್ನೂ ಗುರುತಿಸಲು ಸಂಶೋಧಕರು ಬಳೆ ತೊಡಿಸುವುದು ಕಾಲಿಗೆ. ಹಳೇ ಫೋಟೋಗಳಲ್ಲಿ ಅವತ್ತು ಯಾರ ಕಣ್ಣಿಗೂ ಬೀಳದ ಬಳೆ, ಬಣ್ಣದ ಪಟ್ಟಿ ಎಷ್ಟೋ ಸಲ ಕೂತಿರುತ್ತವೆ. ಬರೆದುಕೊಳ್ಳಬೇಕಾದದ್ದು ಎಡಗಾಲೋ ಬಲಗಾಲೋ, ಗಂಟಿನ ಮೇಲೋ ಕೆಳಗೋ, ಬಣ್ಣ ಮೇಲಿಂದ ಕೆಳಕ್ಕೆ ಯಾವ ಕ್ರಮದಲ್ಲಿ, ಅಕ್ಷರ ಏನಾದರೂ ಕಾಣುತ್ತದಾ ಅನ್ನುವುದು. ಅಕ್ಷರ ಅರ್ಧವೇ ಕಂಡರೆ ಅರ್ಧವೇ ಬರೆಯಿರಿ, ಊಹೆಯಿಂದ ತುಂಬಬೇಡಿ. ಹಕ್ಕಿ ಬಲಕ್ಕೆ ನೋಡಿದರೆ ಚೆಂದ ಅಂತ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದರೆ ಎಡಗಾಲಿನ ಬಳೆ ಬಲಗಾಲಿಗೆ ಹೋಯಿತು, ಅಂದರೆ ಅದು ಬೇರೆಯೇ ಹಕ್ಕಿಯಾಯಿತು.

"ಅದು ನನ್ನ ಖುಷಿಗೆ, ದಾಖಲೆಗಲ್ಲ" ಅನ್ನುವವರಿದ್ದಾರೆ. ಖುಷಿ ಬೇಡ ಅಂದವರು ಯಾರು? ಕಾಲು ಮುರಿದು ಮಲಗಿದಾಗ, ಮಳೆ ಬಿಡದೆ ಹೊಡೆಯುವಾಗ, ಕೆಲಸ ಉಸಿರು ಬಿಡಲು ಬಿಡದಾಗ ಹಳೇ ಫೋಟೋ ನೋಡುವುದರಲ್ಲಿ ಎಂಥ ಸಮಾಧಾನ ಇದೆ ಅಂತ ನನಗೆ ಚೆನ್ನಾಗಿ ಗೊತ್ತು. ಅಲಂಕಾರ ಮಾಡಿದ ಕಾಪಿ ಎಷ್ಟು ಬೇಕಾದರೂ ಮಾಡಿ. ಮೂಲ ಫೈಲನ್ನು ಮುಟ್ಟಬೇಡಿ, ಅದರ ಮೇಲೇ ಸೇವ್ ಮಾಡಬೇಡಿ, ಎರಡನೇ ಡಿಸ್ಕಿನಲ್ಲೂ ಒಂದು ಪ್ರತಿ ಇಡಿ. ಖುಷಿಗೂ ದಾಖಲೆಗೂ ಜಗಳವೇ ಇಲ್ಲ, ಸುಮ್ಮನೆ ನಾವು ಹಚ್ಚುತ್ತೇವೆ.

ಹಿಂಡಿನ ಫೋಟೋ ಇದ್ದರೆ ಎಣಿಸಿ. ದೊಡ್ಡದು ಮಾಡಿ, ಎಣಿಸಿದ ಪ್ರತಿ ಹಕ್ಕಿಯ ಮೇಲೆ ಒಂದು ಚುಕ್ಕೆ ಇಡುತ್ತಾ ಹೋಗಿ. ನಾಮದ ಕೋಳಿಗಳು ಒಂದರ ಹಿಂದೆ ಒಂದು ಅಡಗಿರುತ್ತವೆ, ಹಾಗಾಗಿ ಬಂದ ಸಂಖ್ಯೆ "ಕನಿಷ್ಠ ಇಷ್ಟು" ಅಂತಲೇ ಇರಲಿ. ಎರಡು ಫ್ರೇಮ್ ಸೇರಿಸಿ ಎಣಿಸುವಾಗ ಎರಡರಲ್ಲೂ ಕಾಣುವ ಒಂದು ಕೊರಡನ್ನೋ ಜೊಂಡಿನ ಪೊದೆಯನ್ನೋ ಗಡಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದೇ ಹಕ್ಕಿ ಎರಡು ಸಲ ಬರುತ್ತದೆ. ಆಮೇಲೆ ಇಬರ್ಡ್‌ನಲ್ಲಿ ಹಳೇ ತಾರೀಕಿಗೇ ಪಟ್ಟಿ ಹಾಕಬಹುದು. ಎಷ್ಟು ಹೊತ್ತು ಇದ್ದಿರಿ, ಎಷ್ಟು ನಡೆದಿರಿ ನೆನಪಿಲ್ಲದಿದ್ದರೆ "ಹಿಸ್ಟಾರಿಕಲ್" ಆರಿಸಿ. ಅವತ್ತು ಕಂಡ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ ಅನ್ನುವ ಪ್ರಶ್ನೆಗೆ "ಇಲ್ಲ" ಅನ್ನಿ, ಯಾಕೆಂದರೆ ಫೋಟೋ ತೆಗೆದವು ಮಾತ್ರ ನಿಮ್ಮ ಹತ್ತಿರ ಇವೆ.

ಇವತ್ತು ಆ ಸ್ಯಾಂಡ್‌ಪೈಪರ್ ಹಾಕಿದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮೂಲ ಫೈಲ್ ಹುಡುಕಿ. ಅದರ ಹಿಂದೆ ಮುಂದೆ ಇರುವ ಫ್ರೇಮುಗಳನ್ನೂ ನೋಡಿ. ರೆಕ್ಕೆ ಎತ್ತಿದ್ದು ಒಂದಿದ್ದರೆ, ಎಷ್ಟೇ ಮಸುಕಾಗಿರಲಿ, ಅದನ್ನೇ ಹಾಕಿ.