ಗೇರ್‌ಬಾಕ್ಸ್ ಇಳಿಸುವ ಮೊದಲು ನಮ್ಮ ಜೊತೆ ಒಂದು ರೌಂಡ್ ಬನ್ನಿ

ಬೆಳಗಾವಿ ಕಡೆ ಹಳೇ ಆಟೋಮ್ಯಾಟಿಕ್ ಕಾರು ಓಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ.

ನನ್ನ ಮನೆ ಟಿಳಕವಾಡಿಯಲ್ಲಿ, ಶಾಲೆ ಹತ್ತರಗಿ ಕಡೆ. ದಿನಾ ಹೈವೇ ಪ್ರಯಾಣ. ಊರೊಳಗಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ತುಳಿದು ಸಾಕಾಗಿ, ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 6 ಗೇರಿನ ಆಟೋಮ್ಯಾಟಿಕ್. ಮೀಟರ್ 96,000 ಕಿ.ಮೀ. ದಾಟುವವರೆಗೆ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಆಮೇಲೆ ಒಂದು ದಿನ ಕಾಕತಿ ದಾಟಿ ಸ್ವಲ್ಪ ಏರು ಬಂದ ಕಡೆ ಗಾಡಿ ನಡುಗಿತು. ಟೋಲ್ ನಾಕಾ ಹತ್ತಿರ ರಸ್ತೆ ಮೇಲೆ ದಪ್ಪ ಬಿಳಿ ಪಟ್ಟಿ ಹಾಕಿರುತ್ತಾರಲ್ಲ, ಅದರ ಮೇಲೆ ಹೋದ ಹಾಗೆ ಡರ್ರ್ ಅಂತ. ಎರಡು ಮೂರು ಸೆಕೆಂಡು, ಅಷ್ಟೇ. ಆದರೆ ರಸ್ತೆ ನುಣ್ಣಗಿತ್ತು. ಮರುದಿನ ಅದೇ ಜಾಗ, ಅದೇ ನಡುಕ. ವಾರ ಕಳೆಯುವಷ್ಟರಲ್ಲಿ ನನಗೆ ಗೊತ್ತಾಗಿ ಹೋಯಿತು. ಸ್ಪೀಡ್ 60ರಿಂದ 75ರ ನಡುವೆ ಇರಬೇಕು. ಕಾಲು ಆಕ್ಸಿಲರೇಟರ್ ಮೇಲೆ ಹಗುರವಾಗಿ ಇರಬೇಕು. ಜೋರಾಗಿ ತುಳಿದರೆ ನಡುಕ ಇಲ್ಲ, ಪೂರ್ತಿ ಬಿಟ್ಟರೂ ಇಲ್ಲ.

ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಒಂದು ದೊಡ್ಡ ವರ್ಕ್‌ಶಾಪ್‌ಗೆ ಹೋದೆ. ಅಲ್ಲಿದ್ದವರು ಚೀಟಿ ನೋಡಲಿಲ್ಲ. ನನ್ನನ್ನು ಕೂರಿಸಿಕೊಂಡು ಓಡಿಸಲೂ ಇಲ್ಲ. ಸಂಜೆ ಫೋನ್ ಬಂತು: "ಮೇಡಂ, ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಇಳಿಸಬೇಕು. 1,60,000 ಆಗುತ್ತೆ." ಯಾವ ಟೆಸ್ಟ್ ಮಾಡಿದಿರಿ ಅಂತ ಕೇಳಿದೆ. "ಅನುಭವದ ಮೇಲೆ ಹೇಳ್ತಿದ್ದೀವಿ" ಅಂದರು.

ನನಗೆ ಬೇಜಾರಾಗಿದ್ದು ಆ ಮೊತ್ತಕ್ಕಲ್ಲ. ದಿನಾ ಆ ಗಾಡಿಯಲ್ಲಿ ಕೂರುವವಳು ನಾನು. ಯಾವಾಗ ನಡುಗುತ್ತದೆ, ಯಾವಾಗ ಇಲ್ಲ ಅಂತ ಹೇಳಬಲ್ಲವಳು ನಾನೊಬ್ಬಳೇ. ಆ ಮಾತನ್ನೇ ಕೇಳದೆ ಒಂದೂವರೆ ಲಕ್ಷದ ತೀರ್ಮಾನ ಮಾಡುವುದು ತಪ್ಪು. ಡಾಕ್ಟರ್ ಕೂಡ ಎಲ್ಲಿ ನೋವು, ಯಾವಾಗ ಅಂತ ಕೇಳಿಯೇ ಮುಟ್ಟುತ್ತಾರೆ, ಅಲ್ವಾ?

ಗಾಡಿ ವಾಪಸ್ ತಂದೆ. ಸಹೋದ್ಯೋಗಿಯೊಬ್ಬರು ಉದ್ಯಮಬಾಗದ ಒಬ್ಬ ಮೇಸ್ತ್ರಿ ಹತ್ತಿರ ಕಳಿಸಿದರು. ವಯಸ್ಸಾದವರು, ಎಲ್ಲರೂ ಕಾಕಾ ಅಂತಾರೆ. ಅವರು ಚೀಟಿಯನ್ನು ಎರಡು ಸಲ ಓದಿದರು.

"ಅಕ್ಕೋರ, ಬಿಚ್ಚೂದು ಎಲ್ಲೂ ಓಡಿ ಹೋಗೂದಿಲ್ಲ. ನೀವ ಓಡಸ್ರಿ, ನಾ ಬಾಜೂ ಕುಂದರ್ತೀನಿ. ಅದು ಯಾವಾಗ ನಡಗತೈತಿ ಮೊದ್ಲ ನೋಡೂಣು."

ಹೈವೇಗೆ ಹೋದೆವು. ಕಾಕಾ ಒಂದು ಅಂಗೈ ಡ್ಯಾಶ್‌ಬೋರ್ಡ್ ಮೇಲೆ, ಇನ್ನೊಂದು ಸೀಟಿನ ಅಂಚಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. 68ರಲ್ಲಿ ನಡುಕ ಶುರುವಾಯಿತು. "ಹಿಂದ ಗಾಡಿ ಇಲ್ಲಲ್ಲ? ಆಕ್ಸಿಲರೇಟರ್ ಹಂಗ ಇರ್ಲಿ. ಎಡಗಾಲಿಂದ ಬ್ರೇಕ್ ಸುಮ್ನ ಮುಟ್ರಿ, ಒತ್ತಬ್ಯಾಡ್ರಿ." ಮುಟ್ಟಿದೆ. ನಡುಕ ತಟ್ಟನೆ ನಿಂತಿತು. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೆ ಹೋಯಿತು. ಕಾಲು ತೆಗೆದೆ, ಮುಳ್ಳು ಕೆಳಗೆ ಬಂತು, ಮತ್ತೆ ಡರ್ರ್. ಮೂರು ಸಲ ಮಾಡಿಸಿದರು, ಮೂರು ಸಲವೂ ಹಾಗೇ. ನೀವು ಮಾಡಿ ನೋಡುವುದಾದರೆ ಖಾಲಿ ರಸ್ತೆಯಲ್ಲೇ ಮಾಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಎಡಗಾಲಿಗೆ ಬ್ರೇಕಿನ ಅಳತೆ ಗೊತ್ತಿರುವುದಿಲ್ಲ, ಗಾಡಿ ಜಗ್ಗಿ ನಿಂತುಬಿಡಬಹುದು.

ಇದರ ಅರ್ಥವನ್ನು ವಾಪಸ್ ಬರುವಾಗ ಬಿಡಿಸಿ ಹೇಳಿದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ದುಂಡನೆ ಡಬ್ಬಿ ಇರುತ್ತದೆ. ಒಳಗೆ ಎದುರುಬದುರು ಎರಡು ಫ್ಯಾನ್, ಸುತ್ತ ಎಣ್ಣೆ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎಸೆದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ನಡುವಿನ ಮೂರನೇ ಚಕ್ರ ಎಣ್ಣೆಯ ದಿಕ್ಕು ತಿರುಗಿಸಿ ಎಳೆಯುವ ಬಲ ಹೆಚ್ಚಿಸುತ್ತದೆ. 1905ರಲ್ಲಿ ಜರ್ಮನಿಯ ಹರ್ಮನ್ ಫೊಟ್ಟಿಂಗರ್ ಇದಕ್ಕೆ ಪೇಟೆಂಟ್ ತಗೊಂಡಿದ್ದು ಹಡಗುಗಳಿಗಾಗಿ ಅಂತ ನಾನು ಆಮೇಲೆ ಓದಿಕೊಂಡೆ. ಎಣ್ಣೆಯ ಮೂಲಕ ತಿರುಗುವಾಗ ಒಂದಿಷ್ಟು ಜಾರುವಿಕೆ ಇದ್ದೇ ಇರುತ್ತದೆ, ಡೀಸೆಲ್, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದಕ್ಕೇ ಒಂದೇ ಸ್ಪೀಡಿನಲ್ಲಿ ಹೋಗುವಾಗ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಸೇರಿಸಿ ಹಿಡಿಯುತ್ತದೆ. ಬ್ರೇಕ್ ಮುಟ್ಟಿದರೆ ಹೆಚ್ಚಿನ ಕಾರುಗಳಲ್ಲಿ ಆ ಹಿಡಿತ ಬಿಡುತ್ತದೆ. ಹಿಡಿತ ಬಿಟ್ಟ ಕೂಡಲೇ ನಡುಕ ಹೋದರೆ ಅನುಮಾನ ಅಲ್ಲಿಗೇ ಹೋಗಬೇಕು.

ನಡುಗುವುದು ಯಾಕೆ? ಬೋರ್ಡ್ ಮೇಲೆ ಖಡು (ಚಾಕ್‌ಪೀಸ್) ಎಳೆಯುವಾಗ ಕೆಲವು ಸಲ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಗೆರೆಯ ಬದಲು ಚುಕ್ಕಿ ಚುಕ್ಕಿ ಬೀಳುತ್ತದೆ. ಕೈಗೂ ಆ ಅದುರು ತಿಳಿಯುತ್ತದೆ. ಕಾಕಾ ಹೇಳುತ್ತಿದ್ದಾಗ ನನ್ನ ಬೆರಳಿಗೆ ನೆನಪಾಗಿದ್ದು ಅದೇ. ಗೇರ್ ಎಣ್ಣೆಯಲ್ಲಿ ಕ್ಲಚ್ ನಯವಾಗಿ ಕೂರುವಂತೆ ಮಾಡುವ ಅಂಶ ಇರುತ್ತದೆ. ಬಿಸಿಗೆ, ವರ್ಷಗಳ ಓಟಕ್ಕೆ ಅದು ಸವೆದರೆ ಕ್ಲಚ್ ಆ ಖಡುವಿನ ಹಾಗೇ ಕುಣಿಯುತ್ತದೆ.

ಆದರೂ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಸ್ಕ್ಯಾನರ್ ಹಾಕಿ ಎಂಜಿನ್ ಮಿಸ್ ಹೊಡೆಯುತ್ತಿದೆಯಾ ಅಂತ ನೋಡಿದರು. ಎಂಜಿನ್‌ಗೆ ಕಿಡಿ ಕೊಡುವ ಒಂದು ಕಾಯಿಲ್ ಅಥವಾ ಪ್ಲಗ್ ಕೆಟ್ಟರೂ ಇದೇ ಥರ ನಡುಗುತ್ತದೆ, ಲಾಕ್ ಆದಾಗಲೇ ಜಾಸ್ತಿ ತಿಳಿಯುತ್ತದೆ. ಎಷ್ಟೋ ಜನ ಪ್ಲಗ್ಗಿನ ತಪ್ಪಿಗೆ ಗೇರ್‌ಬಾಕ್ಸ್ ಇಳಿಸಿಕೊಂಡಿದ್ದಾರಂತೆ. ನನ್ನ ಎಂಜಿನ್ ಸರಿ ಇತ್ತು. ಕನ್ವರ್ಟರಿನ ಜಾರುವಿಕೆ ತೋರಿಸುವ ಅಂಕಿ ಮಾತ್ರ ಲಾಕ್ ಆದ ಮೇಲೂ ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಓಡುತ್ತಿತ್ತು. ಉಳಿದ ನಡುಕಗಳ ಗುರುತೇ ಬೇರೆ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಸ್ಟೇರಿಂಗ್ ಅದುರುತ್ತಲೇ ಇರುತ್ತದೆ. ಎಂಜಿನ್ ಅನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್ ಹೋಗಿದ್ದರೆ ಸಿಗ್ನಲ್‌ನಲ್ಲಿ 'ಡಿ'ಯಲ್ಲಿ ನಿಂತಾಗ ಅದುರಿ, 'ಎನ್' ಹಾಕಿದಾಗ ಕಡಿಮೆ ಆಗುತ್ತದೆ. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ನ ಒಳಗಿನ ಜಾಯಿಂಟ್ ಸವೆದಿದ್ದರೆ ಜೋರಾಗಿ ತುಳಿದಾಗ ತಿಳಿಯುತ್ತದೆ.

ಎಣ್ಣೆ ಇಳಿಸಿದಾಗ ನಾನು ಅಲ್ಲೇ ನಿಂತಿದ್ದೆ. ಬಿಳಿ ಟಿಶ್ಯೂ ಮೇಲೆ ಎರಡು ಹನಿ ಹಾಕಿ ತೋರಿಸಿದರು. ಹೊಸದು ದಾಳಿಂಬೆ ರಸದ ಬಣ್ಣ. ನನ್ನ ಗಾಡಿಯದು ಕಷಾಯದ ಕಪ್ಪು, ಸುಟ್ಟ ವಾಸನೆ. ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದು ನೋಡಿದರು. ಮಿನುಗುವ ಲೋಹದ ಚೂರು ಇರಲಿಲ್ಲ. ಇದ್ದಿದ್ದರೆ ಬಿಚ್ಚಲೇಬೇಕಿತ್ತು ಅಂದರು.

7 ಲೀಟರ್ ಹಿಡಿಯುವ ಕಡೆ ಇಳಿದಿದ್ದು ಮೂರೂವರೆ ಲೀಟರ್ ಮಾತ್ರ. ಉಳಿದದ್ದು ಕನ್ವರ್ಟರ್ ಮತ್ತಿತರ ಕಡೆ ನಿಂತಿರುತ್ತದೆ. ಹಾಗಾಗಿ ಹೊಸದು ಹಾಕಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ, ಹೀಗೆ ಮೂರು ಸಲ. ಮ್ಯಾನ್ಯುಅಲ್‌ನಲ್ಲಿ ಹೇಳಿದ ಗ್ರೇಡಿನ ಎಣ್ಣೆಯೇ ಬೇಕು ಅಂತ ಅವರು ಹಟ ಹಿಡಿದರು. ಎಲ್ಲ ಗಾಡಿಗೂ ನಡೆಯುತ್ತದೆ ಅಂತ ಮಾರುವ ಡಬ್ಬಿಯನ್ನು ಮುಟ್ಟಲೇ ಇಲ್ಲ. ಎಣ್ಣೆ, ಕೂಲಿ ಸೇರಿ 14,800 ರೂಪಾಯಿ. ಎರಡನೇ ಸಲಕ್ಕೆ ನಡುಕ ಅರ್ಧ ಆಯಿತು, ಮೂರನೇ ಸಲ ಆದ ಮೇಲೆ ಹೋಯಿತು.

ಗೇರ್ ಎಣ್ಣೆ ಜೀವನಪೂರ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷದೊಳಗೆ ಬದಲಿಸಿ ಅನ್ನುತ್ತದೆ. ವಂಟಮುರಿ ಘಾಟ್, ಚೋರ್ಲಾ ಘಾಟ್ ಹತ್ತಿಸುವ ನಮ್ಮ ಗಾಡಿಗಳಿಗೆ ಇನ್ನೂ ಮೊದಲೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಎಂಜಿನ್ ಆಯಿಲ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಗೇರ್ ಎಣ್ಣೆ ಬಗ್ಗೆ ನಾನೂ ಕೇಳಿರಲಿಲ್ಲ.

ವರ್ಕ್‌ಶಾಪ್ ನಡೆಸುವವರಲ್ಲಿ ಒಂದು ಕೋರಿಕೆ. ಎಸ್ಟಿಮೇಟ್ ಬರೆಯುವ ಮೊದಲು ಗಾಡಿ ಓಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಹೋಗಿ ಬನ್ನಿ. ಅದಕ್ಕೆ ಚಾರ್ಜ್ ಹಾಕಿ, ನಾವು ಕೊಡುತ್ತೇವೆ.

ಈಗ ಆರು ತಿಂಗಳಾಯಿತು, 8,000 ಕಿ.ಮೀ. ಓಡಿದೆ. ಕಾಕಾ ಮೊದಲೇ ಹೇಳಿದ್ದಾರೆ: "ನಡುಕ ವಾಪಸ್ ಬಂತಂದ್ರ ಕ್ಲಚ್ಚಿನ ಲೈನಿಂಗ್ ಹೋಗೇತಿ ಅಂತ ತಿಳ್ಕೋರಿ ಅಕ್ಕೋರ. ಆವಾಗ ಕನ್ವರ್ಟರ್ ಬದಲಿ ಮಾಡಬೇಕ." ಅದಕ್ಕೆ ತಿಂಗಳಿಗೆ ಎರಡು ಸಾವಿರ ಬೇರೆ ತೆಗೆದಿಡುತ್ತಿದ್ದೇನೆ.