ಹತ್ತು ವರ್ಷ ಸಾಲದು

ಗ್ರಾಮ ಪಂಚಾಯಿತಿಗಳು ಕಡತಗಳನ್ನು ಹತ್ತು ವರ್ಷ ಇಟ್ಟುಕೊಂಡರೆ ಸಾಕು, ಆಮೇಲೆ ವಿಲೇವಾರಿ ಮಾಡಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟಿರುವ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ವಿದ್ಯುತ್ ಬಿಲ್ಲು, ಸಾದಿಲ್ವಾರು (ಚಿಲ್ಲರೆ ಖರ್ಚಿನ) ವೋಚರುಗಳನ್ನು ಬೇಕಾದರೆ ಲೆಕ್ಕಪರಿಶೋಧನೆ ಮುಗಿದ ಮೇಲೆ ತೆಗೆಯಲಿ. ಆದರೆ ಯಾವ ಮನೆಗೆ ಎಷ್ಟು ಕಂದಾಯ ಎಂದು ಬರೆದಿಡುವ ಡಿಮಾಂಡ್ ರಿಜಿಸ್ಟರ್, ಗ್ರಾಮಸಭೆಯ ನಡಾವಳಿ, ನಿವೇಶನ ಹಂಚಿಕೆಯ ಪಟ್ಟಿ?

ಪಂಚಾಯಿತಿ ಆಸ್ತಿಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಎಂಬ ಆಸ್ತಿ ಪತ್ರ ಮಾಡಿಸಲು ಹೋದಾಗ ನಮ್ಮ ತಂದೆಯವರ ಮನೆಗೆ ಹಳೆಯ ದಾಖಲೆ ಕೇಳಿದರು. ಆ ದಾಖಲೆ ಗ್ರಾಮ ಪಂಚಾಯಿತಿಗೂ ಮುಂಚೆ ಇದ್ದ ಮಂಡಲ ಪಂಚಾಯಿತಿ ಕಾಲದ್ದು, ಅಂದರೆ 1993ರ ಪಂಚಾಯತ್ ರಾಜ್ ಕಾಯ್ದೆಗೂ ಹಿಂದಿನದು. ಮೂರು ದಿನ ಹುಡುಕಿದ ಮೇಲೆ ಬೀರುವಿನ ಹಿಂದೆ ಬಿದ್ದಿದ್ದ ಪುಸ್ತಕ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿತ್ತು, ಅಪ್ಪನ ಹೆಸರಿನ ಸಾಲು ಮಾತ್ರ ಉಳಿದಿತ್ತು. ಎರಡು ಬೆರಳು ಆಚೆಗಿದ್ದ ಪಕ್ಕದ ಮನೆಯವರ ಸಾಲು ಹೋಗಿತ್ತು. ಅವರು ಇಂದಿಗೂ ಅಲೆಯುತ್ತಿದ್ದಾರೆ.

ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಸೆಕ್ಷನ್ ಪ್ರಕಾರ 20 ವರ್ಷಕ್ಕೂ ಹಿಂದಿನ ಮಾಹಿತಿಯನ್ನೂ ಕೆಲವು ವಿನಾಯಿತಿ ಬಿಟ್ಟು ಕೊಡಬೇಕು. ಪುಸ್ತಕವೇ ಇಲ್ಲದಿದ್ದರೆ ಏನನ್ನು ಕೊಡುತ್ತಾರೆ? ಆಸ್ತಿ, ನಡಾವಳಿಗೆ ಸಂಬಂಧಿಸಿದ್ದನ್ನು ಶಾಶ್ವತವಾಗಿ ಇಡಬೇಕು. ಸ್ಕ್ಯಾನ್ ಮಾಡಿದ ಮೇಲೂ ಮೂಲ ಪುಸ್ತಕವನ್ನು ಎಸೆಯಬಾರದು.